ಪ್ರಜಾ ವಿರುದ್ಧ ಪ್ರಜಾ

ಅರಮನೆಯವರು ಹೊಳೆವ್ವನ ಮದ್ದಿನ ಬುಟ್ಟಿಯನ್ನು ಕಿತ್ತುಕೊಂಡು, ಅದರ ಬದಲಿಗೆ ಅವಳ ಕೈಗೆ ಒಂದು ದೊಣ್ಣೆ ಕೊಟ್ಟು ಹೋದರು.

ಇದು ನಡೆದದ್ದು ಬಹಳ ಹಿಂದೆ, ಖೇಲಾವತಿ ಎಂಬ ರಾಜ್ಯದಲ್ಲಿ. ಎಷ್ಟು ಹಿಂದೆ ಎಂದು ಕೇಳುವ ಓದುಗರು ದಯವಿಟ್ಟು ಇಂದಿನ ಪತ್ರಿಕೆಯ ಮುಖಪುಟವನ್ನು ಮಡಿಸಿಟ್ಟು ಮುಂದೆ ಓದಬೇಕು. ಆ ರಾಜ್ಯವನ್ನು ಶ್ರೀಮನ್ಮಹಾರಾಜಾಧಿರಾಜ ಸಕಲಕ್ರೀಡಾಧುರಂಧರ ರಂಜನಸೇನ ಪ್ರಭುಗಳು ಆಳುತ್ತಿದ್ದರು. ಪ್ರಭುಗಳು ಯಾವ ಆಟವನ್ನೂ ಆಡುತ್ತಿರಲಿಲ್ಲ. ಉಪ್ಪರಿಗೆಯಲ್ಲಿ ದಿಂಬಿಗೊರಗಿ ನೋಡುತ್ತಿದ್ದರು.

ಖೇಲಾವತಿಯ ಉತ್ತರದ ಕೋಟೆಬಾಗಿಲು ಮುರಿದು ಬಿದ್ದಿತ್ತು. ಅದನ್ನು ಕಟ್ಟಿಸಿದ ಗುತ್ತಿಗೆ ಮಹಾರಾಜರ ಭಾವಮೈದುನರದು. ಉದ್ಘಾಟನೆಯ ದಿನ ಗಾಳಿ ಸ್ವಲ್ಪ ಜೋರಾಗಿತ್ತು. ಬಾಗಿಲಿನಾಚೆ ಒಂದು ಕೊಳ್ಳ, ಕೊಳ್ಳದಲ್ಲಿ ಮುಕ್ಕೋಡ. ಆನೆಗಿಂತ ಎತ್ತರದ, ಮೂರು ಕೋಡಿನ ಪ್ರಾಣಿ. ಸಂತೆಯ ಮರುದಿನ ಬೆಳಿಗ್ಗೆ, ಸಂತೆಯಲ್ಲಿ ಮಾರದೆ ಉಳಿದ ಬದನೆಕಾಯಿಯ ವಾಸನೆ ಹಿಡಿದು ಅದು ಊರೊಳಗೆ ನುಗ್ಗುತ್ತಿತ್ತು. ಬದನೆಕಾಯಿ ತಿಂದು ಸುಮ್ಮನೆ ಹೋಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಗುಡಿಸಲು, ಗೋಡೆ, ಗಂಡಸು, ಹೆಂಗಸು ಎಲ್ಲವನ್ನೂ ಅದು ಬದನೆಕಾಯಿಯ ಲೆಕ್ಕದಲ್ಲೇ ಹಿಡಿಯುತ್ತಿತ್ತು.

ಊರಿನವರು ಇದಕ್ಕೆ ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೂವರು ಸೇರಿದರೆ ಒಂದು ಕೂಟ: ಒಬ್ಬ ಗುರಾಣಿಯವ, ಒಬ್ಬ ಈಟಿಯವ, ಒಬ್ಬಳು ಮದ್ದಿನವಳು. ಗುರಾಣಿಯವನ ಕೆಲಸ ಹೊಡೆಯುವುದಲ್ಲ, ಬೈಯುವುದು. ಎದುರಿಗೆ ನಿಂತು ಮುಕ್ಕೋಡನ ವಂಶವನ್ನೆಲ್ಲ ಎತ್ತಿ ಆಡಬೇಕು. ಸಿಟ್ಟಿನಲ್ಲಿ ಅದಕ್ಕೆ ಅವನೊಬ್ಬನನ್ನು ಬಿಟ್ಟು ಬೇರೆ ಯಾರೂ ಕಾಣಬಾರದು. ಅದು ಅವನ ಗುರಾಣಿಯನ್ನು ಗುದ್ದುತ್ತಿರುವಾಗ ಈಟಿಯವ ಹಿಂದಿನಿಂದ ತಿವಿಯಬೇಕು. ಮದ್ದಿನವಳು ಗುರಾಣಿಯವನ ಬೆನ್ನಿಗೇ ಇದ್ದು, ಅವನು ಬಿದ್ದಾಗ ಎಳೆದು, ತೊಳೆದು, ಕಟ್ಟಿ, ಗದರಿಸಿ ಎಬ್ಬಿಸಬೇಕು. ಇಂದಿನ ಮಕ್ಕಳು ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡು ಆಡುವಾಗ ಟ್ಯಾಂಕ್, ಡ್ಯಾಮೇಜ್, ಹೀಲರ್ ಎಂದು ಕೂಗಾಡುತ್ತಾರಲ್ಲ, ಅದೇ ಇದು. ಸತ್ತವರು ಮತ್ತೆ ಲಾಗಿನ್ ಆಗುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಹೊಳೆವ್ವನ ಕೂಟದ ಗುರಾಣಿಯವ ಎದುರುಮನೆಯ ಯಮನಪ್ಪ. ಈಟಿಯವ ಓಣಿಯ ತುದಿಯ ಗದಿಗೆಪ್ಪ. ಬೈಗುಳದಲ್ಲಿ ಯಮನಪ್ಪನನ್ನು ಮೀರಿಸುವವರು ಆ ಊರಿನಲ್ಲಿರಲಿಲ್ಲ.

"ಏ ಬದನೀಕಾಯಿ ಕಳ್ಳಾ! ಮೂರು ಕೋಡು ಕೊಟ್ಟ ದೇವ್ರು ಒಂದು ಬುದ್ಧಿ ಕೊಡಾಕ ಮರ್ತಾನ ನೋಡು! ನಿಮ್ಮವ್ವ ನಿನ್ನ ಹಡದ ಮ್ಯಾಲ ಒಮ್ಮೆರ ತಿರುಗಿ ನೋಡ್ಯಾಳೇನು?"

ಮುಕ್ಕೋಡನಿಗೆ ಭಾಷೆ ತಿಳಿಯುತ್ತಿತ್ತೋ ಇಲ್ಲವೋ, ಅವಮಾನ ತಿಳಿಯುತ್ತಿತ್ತು. ಅದು ಬಂದು ಗುದ್ದುವುದು, ಯಮನಪ್ಪ ಉರುಳುವುದು, ಹೊಳೆವ್ವ ಅವನ ಕಾಲು ಹಿಡಿದು ಎಳೆಯುವುದು.

"ಸಾವಕಾಶ ಕಟ್ಟಕ್ಕಾ, ಜೀವ ಹೋಗ್ತೈತಿ."

"ಹೋಗೂಮುಂದ ಹೇಳಿ ಹೋಗು, ಕಟ್ಟೂ ಬಟ್ಟಿರ ಉಳೀತೈತಿ. ಏಳು, ಮೈಗಳ್ಳಾ! ಗದಿಗೆಪ್ಪ ಒಬ್ಬಾವ ಆಗ್ಯಾನ."

ಹೊಳೆವ್ವನ ನಾಲಿಗೆ ಒರಟು. ಕೈ ಮಾತ್ರ ಹಾಗಿರಲಿಲ್ಲ. ಅವಳ ತಾಯಿಯಿಂದ ಬಂದ ಬುಟ್ಟಿಯಲ್ಲಿ ಒಂದು ಗಡಿಗೆ ಎಣ್ಣೆ ಇರುತ್ತಿತ್ತು. ಕೊಳೆಯತೊಡಗಿದ ಗಾಯವೂ ಅದಕ್ಕೆ ಮಾಯುತ್ತಿತ್ತು.

ಹೀಗೆ ವಾರವಾರವೂ ಗುದ್ದಿಸಿಕೊಂಡು ಬೇಸತ್ತು, ಊರಿನವರು ಒಂದು ದಿನ ಅರಮನೆಗೆ ಹೋದರು. ಎಲ್ಲರ ಪರವಾಗಿ ಯಮನಪ್ಪ ಕೈಮುಗಿದ. "ಮಾರಾಜ್ರ, ನಮಗ ಮತ್ತೇನೂ ಬ್ಯಾಡ್ರಿ. ಆ ಬಾಗ್ಲಾ ಒಂದು ಹಚ್ಚಿಸಿ ಕೊಡ್ರಿ."

ಮಹಾರಾಜರು ತಮ್ಮ ಅನುಭವ ಸುಧಾರಣಾ ಮಂತ್ರಿ ನೂತನಕೀರ್ತಿಯವರ ಕಡೆ ನೋಡಿದರು. ಮಂತ್ರಿಗಳು ಕಣ್ಣೊರೆಸಿಕೊಂಡರು.

"ಪ್ರಭೋ, ಎಂಥ ಹೃದಯಸ್ಪರ್ಶಿ ಫೀಡ್‌ಬ್ಯಾಕ್! ಹಳೆಯ ಕಂಟೆಂಟ್ ನೋಡಿ ನೋಡಿ ಪ್ರಜೆಗಳಿಗೆ ಬೇಸರ ಬಂದಿದೆ."

"ಬ್ಯಾಸರ ಅಲ್ರಿ, ಬಾಗ್ಲಾ," ಎಂದಳು ಹೊಳೆವ್ವ.

"ಕೇಳಿದಿರಾ ಪ್ರಭೋ, ಹೊಸತನಕ್ಕಾಗಿ ಆ ತಳಮಳ!"

"ನಮಗೂ ಬೇಸರವಾಗಿದೆ," ಎಂದು ಮಹಾರಾಜರು ಆಕಳಿಸಿದರು. "ಪ್ರತಿ ವಾರ ಅದೇ ಪ್ರಾಣಿ, ಅದೇ ಬೈಗುಳ. ಕೊನೆಗೆ ಅದು ಓಡಿಹೋಗುತ್ತದೆ. ಇವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ಮನೆಗೆ ಹೋಗುತ್ತಾರೆ. ಇದರಲ್ಲಿ ನಾವೆಲ್ಲಿದ್ದೇವೆ?"

"ಇಡೀ ರಾಜನೀತಿಯನ್ನು ಪ್ರಭುಗಳು ಒಂದು ಆಕಳಿಕೆಯಲ್ಲಿ ಹೇಳಿಬಿಟ್ಟರು!"

"ಹೌದೆ?"

"ಪ್ರಾಣಿಯ ಮೇಲೆ ಸಿಟ್ಟಿರುವ ಪ್ರಜೆಗೆ ರಾಜ ನೆನಪಾಗುವುದಿಲ್ಲ ಪ್ರಭೋ. ಪ್ರಜೆಗೆ ಪ್ರಜೆಯ ಮೇಲೆ ಸಿಟ್ಟು ಬರಲಿ, ಇಬ್ಬರೂ ನ್ಯಾಯ ಕೇಳಿಕೊಂಡು ನಿಮ್ಮ ಪಾದಕ್ಕೇ ಬರುತ್ತಾರೆ. ಎಂಗೇಜ್‌ಮೆಂಟ್ ಎಂದರೆ ಅದು."

"ಮತ್ತ ಬಾಗ್ಲಾ ರೀ?" ಹೊಳೆವ್ವ ಬಿಡಲಿಲ್ಲ.

ಮಂತ್ರಿಗಳು ವಾತ್ಸಲ್ಯದಿಂದ ನಕ್ಕರು. "ಮುರಿದ ಬಾಗಿಲು ಎನ್ನಬಾರದಮ್ಮ. ಓಪನ್ ವರ್ಲ್ಡ್ ಎನ್ನಬೇಕು."

ಮರುದಿನವೇ ಡಂಗುರ ಹೊಡೆಸಿದರು. ಯೋಜನೆಯ ಹೆಸರು ಪ್ರಜಾ ವಿರುದ್ಧ ಪ್ರಜಾ, ಸಂಕ್ಷಿಪ್ತವಾಗಿ ಪ್ರ.ವಿ.ಪ್ರ. ಪೂರ್ವಕ್ಕೆ ಬಾಗಿಲಿರುವ ಮನೆಯವರೆಲ್ಲ ಕೆಂಪು ತಂಡ, ಪಶ್ಚಿಮಕ್ಕೆ ಬಾಗಿಲಿರುವವರು ನೀಲಿ ತಂಡ. ಅರಮನೆಯ ಮುಂದಿನ ಅಖಾಡದಲ್ಲಿ ಎರಡೂ ತಂಡದವರು ಹೊಡೆದಾಡತಕ್ಕದ್ದು. ಉತ್ತರ ದಕ್ಷಿಣಕ್ಕೆ ಬಾಗಿಲಿದ್ದವರು ಗೋಡೆ ಒಡೆದು ಬಾಗಿಲನ್ನು ಬೇರೆ ಕಡೆಗೆ ಇಡಿಸಿಕೊಂಡರು. ಹೀಗೆ ರಾಜ್ಯದಲ್ಲಿ ಬಾಗಿಲುಗಳ ಕಾಮಗಾರಿ ಭರದಿಂದ ಸಾಗಿತು, ಕೋಟೆಬಾಗಿಲೊಂದನ್ನು ಬಿಟ್ಟು. ಹೊಳೆವ್ವನ ಮನೆಯೂ ಗದಿಗೆಪ್ಪನ ಮನೆಯೂ ಕೆಂಪಾದವು. ಎದುರುಮನೆ, ಎದುರಿಗಿದ್ದ ತಪ್ಪಿಗೆ, ನೀಲಿಯಾಯಿತು.

ಅರಮನೆಯ ಗೋಡೆಗೆ ಲೀಡರ್‌ಬೋರ್ಡ್ ಎಂಬ ಕರಿಹಲಗೆಯನ್ನು ತೂಗುಹಾಕಿದರು. ಯಾರು ಎಷ್ಟು ಹೊಡೆತ ಕೊಟ್ಟರು ಎಂಬುದನ್ನು ಅದರ ಮೇಲೆ ಸುಣ್ಣದಲ್ಲಿ ಬರೆಯತಕ್ಕದ್ದು. ಇಲ್ಲಿ ಒಂದು ತೊಡಕು ಎದ್ದಿತು. ಗುರಾಣಿಯವರ ಮುಂದೆ ಸೊನ್ನೆ, ಮದ್ದಿನವರ ಮುಂದೆಯೂ ಸೊನ್ನೆ. ಮಂತ್ರಿಗಳು ಒಂದು ವಾರ ಊಟ ಬಿಟ್ಟು, ಅಂದರೆ ಬರೀ ಫಲಾಹಾರದಲ್ಲಿ, ಚಿಂತಿಸಿ, ಗುಂಪಿನ ಪಾತ್ರಗಳ ಸುಧಾರಣೆ ಎಂಬ ಎರಡನೇ ಅಪ್‌ಡೇಟ್ ಹೊರಡಿಸಿದರು. ಗುರಾಣಿಯವನು ಹೊಡೆತ ತಿನ್ನುತ್ತಾನೆಯೇ ಹೊರತು ಉತ್ಪಾದಿಸುವುದಿಲ್ಲ. ಮದ್ದಿನವಳಂತೂ ಉತ್ಪಾದನೆಯಾದ ಹೊಡೆತವನ್ನೇ ಅಳಿಸಿಹಾಕುತ್ತಾಳೆ. ಇದು ರಾಜ್ಯದ ಒಟ್ಟು ಪ್ರಹಾರ ಸಂಪತ್ತಿಗೆ ನೇರ ನಷ್ಟ. ಆದಕಾರಣ ಇನ್ನು ಮುಂದೆ ಎಲ್ಲರೂ ಹೊಡೆಯುವವರೇ.

ಪಾತ್ರ ಸಮತೋಲನಾಧಿಕಾರಿ ಎಂಬುವರು ಆಳುಗಳೊಂದಿಗೆ ಹೊಳೆವ್ವನ ಮನೆಗೆ ಬಂದದ್ದು ಆಗ.

"ಏನ್ ಮಾಡಾಕತ್ತೀರ್ರಿ? ಅದು ನಮ್ಮವ್ವನ ಬುಟ್ಟಿ!"

"ಅಭಿನಂದನೆಗಳು ತಾಯಿ, ನಿಮಗೆ ಪದೋನ್ನತಿಯಾಗಿದೆ. ಇಂದಿನಿಂದ ನೀವು ಹೀಲರ್ ಅಲ್ಲ, ಸ್ಟ್ರೈಕರ್."

"ಹೊಡೀಬೇಕಂದ್ರ ಯಾರ್ನ?"

"ನೀಲಿಯವರನ್ನು."

"ನಮ್ಮ ಎದುರುಮನಿ ಯಮನಪ್ಪನ್ನ?"

"ಹೆಸರು ಹಿಡಿದರೆ ಅದು ದ್ವೇಷವಾಗುತ್ತದೆ ತಾಯಿ. ನೀಲಿ ಎನ್ನಿ, ಆಗ ಕ್ರೀಡೆ."

ಅವರು ಬುಟ್ಟಿಯ ಜೊತೆಗೆ ಅಡುಗೆಮನೆಯ ಅರಿಶಿನದ ಡಬ್ಬಿಯನ್ನೂ ಒಯ್ದರು. ಎಲ್ಲರ ಮನೆಯ ಅರಿಶಿನವನ್ನೂ ಒಯ್ದರು. ಆ ವಾರ ಖೇಲಾವತಿಯ ಸಾರೆಲ್ಲ ಬೆಳ್ಳಗಾಗಿತ್ತು.

ಅಖಾಡಕ್ಕೆ ಹೋಗದವರನ್ನು ಎರಡೂ ತಂಡದವರು ಮನೆಗೆ ಬಂದು ಹೊಡೆಯಬಹುದು ಎಂಬ ನಿಯಮವಿದ್ದುದರಿಂದ ಹೊಳೆವ್ವ ಹೋದಳು. ಒಂದು ಮೂಲೆಯಲ್ಲಿ ದೊಣ್ಣೆ ಊರಿಕೊಂಡು ನಿಂತು ಬರುವುದೆಂದು ಅವಳ ವಿಚಾರ. ನಿಂತಲ್ಲಿಗೇ ನೀಲಿ ರವಿಕೆಯ ಗಾಣಿಗರ ಸಾತವ್ವ ಬಂದು ಹೆಗಲಿಗೆ ಒಂದು ಬಿಗಿದಳು. ಹೋದ ಮುಂಗಾರಿನಲ್ಲಿ ಇದೇ ಸಾತವ್ವನ ಮುರಿದ ಕಾಲನ್ನು ಹೊಳೆವ್ವ ಕೂಡಿಸಿ ಕಟ್ಟಿದ್ದಳು. ಹೊಳೆವ್ವನಿಗೆ ಸಿಟ್ಟು ಬಂತು. ತಾನು ಕಟ್ಟಿದ ಕಾಲು ಎಲ್ಲಿ ಕೂಡಿದೆ ಎಂಬುದು ಅವಳಿಗೆ ಗೊತ್ತಿತ್ತು.

ಎಲ್ಲಿ ಮುಟ್ಟಿದರೆ ನೋವು ಇಳಿಯುತ್ತದೆಂದು ಬಲ್ಲವಳಿಗೆ ಎಲ್ಲಿ ಮುಟ್ಟಿದರೆ ಏರುತ್ತದೆಂದು ಯಾರೂ ಕಲಿಸಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಅವಳ ಹೆಸರು ಕರಿಹಲಗೆಗೆ ಏರಿತ್ತು. ಮುಂದಿನ ಪಂದ್ಯದಲ್ಲಿ ಗದಿಗೆಪ್ಪನ ಹೆಸರಿಗಿಂತ ಮೇಲೆ ಹೋಯಿತು. ಕೆಂಪು ತಂಡದವರು "ಹೊಳೆವ್ವಾ! ಹೊಳೆವ್ವಾ!" ಎಂದು ಕೂಗಿದರು. ಅಷ್ಟು ವರ್ಷ ಊರಿನವರ ಎಲುಬು ಕೂಡಿಸಿದಾಗ ಯಾರೂ ಹೀಗೆ ಕೂಗಿರಲಿಲ್ಲ. ಕೂಗಿದ್ದರೆ ಅದು ನೋವಿಗೆ. ಸುಳ್ಳೇಕೆ, ಅವಳಿಗೆ ಅದು ಹಿತವಾಗಿತ್ತು. ಮನೆಗೆ ಬರುವಾಗ ಅವಳು ಎದುರುಮನೆಯ ಕಡೆ ನೋಡುವುದನ್ನು ಬಿಟ್ಟಳು.

ಮೂರನೇ ಪಂದ್ಯದಲ್ಲಿ ಯಮನಪ್ಪ ಎದುರಾದ. ಅವನ ಗುರಾಣಿಯನ್ನು ಕರಗಿಸಿ ದೊಣ್ಣೆಗಳಿಗೆ ಕಟ್ಟು ಹಾಕಿಸಿದ್ದರು. ಬರಿದಾದ ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಅವನು ನಿಂತಿದ್ದ.

"ಬೈಯೋ ಯಮನ್ಯಾ! ಬೈಯಾಕ ಏನ್ ಧಾಡಿ?" ಎಂದು ನೀಲಿಯವರೇ ಕೂಗಿದರು.

"ಏನಂತ ಬೈಯ್ಲಿ? ಇವ್ರ ಮನಿ ರೊಟ್ಟಿ ತಿಂದೀನಿ."

ಜನ ನಕ್ಕರು. ಉಪ್ಪರಿಗೆಯಲ್ಲಿ ಮಹಾರಾಜರು ದಿಂಬು ಬಿಟ್ಟು ಮುಂದಕ್ಕೆ ಬಾಗಿದರು. ಸುತ್ತಲೂ "ಹೊಳೆವ್ವಾ! ಹೊಳೆವ್ವಾ!" ಎಂಬ ಕೂಗು ಏರಿತು. ಹೊಳೆವ್ವ ಹೊಡೆದಳು. ಅಡ್ಡ ಹಿಡಿಯಲು ಗುರಾಣಿಯಿಲ್ಲದ ಯಮನಪ್ಪ ಅಭ್ಯಾಸಬಲದಿಂದ ಎಡಗೈಯನ್ನೇ ಅಡ್ಡ ಹಿಡಿದ. ಎಲುಬು ಮುರಿದ ಸದ್ದು ಅವಳಿಗೆ ಹೊಸದೇನಲ್ಲ. ಆದರೆ ಇಷ್ಟು ದಿನ ಆ ಸದ್ದಿನಿಂದ ಅವಳ ಕೆಲಸ ಶುರುವಾಗುತ್ತಿತ್ತು. ಇಂದು ಅಲ್ಲಿಗೇ ಮುಗಿಯಿತು.

ಮಹಾರಾಜರು ಎದ್ದುನಿಂತು ಒಂದು ಗುಲಾಬಿ ಎಸೆದು, ಅವಳಿಗೆ ಪ್ರಹಾರರತ್ನ ಎಂಬ ಬಿರುದು ಕೊಟ್ಟರು.

ಎರಡು ದಿನ ತಡೆದು ಅವಳು ಓಣಿ ದಾಟಿದಳು. ಯಮನಪ್ಪ ಕಟ್ಟೆಯ ಮೇಲೆ ಗೋಡೆಗೊರಗಿ ಕುಳಿತಿದ್ದ. ಕೈ ಬಾತು ಮೊಣಕೈಯ ಕೆಳಗೆ ಚರ್ಮ ಒಡೆದಿತ್ತು.

"ಬಾರವ್ವ ಪ್ರಹಾರರತ್ನ. ಕುಂಡ್ರು."

"ಕೈ ತೋರ್ಸು."

"ಯಾಕ, ಇನ್ನೊಂದೂ ಬೇಕೇನು?"

ಹೊಳೆವ್ವ ಅವನ ಪಕ್ಕದಲ್ಲಿ ಕುಳಿತಳು. ಕೈಯನ್ನು ಮೂಸಿ ನೋಡಿದಳು. ವಾಸನೆ ತಿರುಗಿತ್ತು. ಬೇಗನೆ ಆ ಎಣ್ಣೆ ಬೀಳದಿದ್ದರೆ ಕೈ ತೆಗೆಯಬೇಕಾಗುತ್ತದೆ, ತೆಗೆದ ಮೇಲೂ ಅವನು ಉಳಿಯುವ ಭರವಸೆಯಿಲ್ಲ. ಇದು ಅವನಿಗೂ ಗೊತ್ತಿತ್ತು. ಅವಳ ಮುಖ ನೋಡಿ, "ಹೋಗ್ಲಿಬಿಡಕ್ಕಾ, ಬೈಯಾಕ ಕೈ ಬೇಕಾಗಂಗಿಲ್ಲ," ಎಂದ.

ಅವಳು ನೇರ ಅರಮನೆಗೆ ಹೋಗಿ ಸಮತೋಲನಾಧಿಕಾರಿಯ ಮುಂದೆ ನಿಂತಳು. "ನಿಮ್ಮ ಬಿರುದು ನೀವ ಇಟ್ಕೊರ್ರಿ. ನನ್ನ ಬುಟ್ಟಿ ಕೊಡ್ರಿ."

"ಆ ಹೊಡೆತ ದಾಖಲಾಗಿದೆ ತಾಯಿ. ವಾಸಿ ಮಾಡಿದರೆ ನಿಮ್ಮದೇ ಅಂಕ ಇಳಿಯುತ್ತದೆ."

"ಇಳೀಲಿ."

"ಇಳಿಸುವುದಕ್ಕೆ ಆಪ್ಷನ್ ಇಲ್ಲ."

ಅಷ್ಟರಲ್ಲಿ ಸಂತೆ ಬಂತು. ಸಂತೆಯ ಮರುದಿನ ಬೆಳಿಗ್ಗೆ ಮುಕ್ಕೋಡನೂ ಬಂತು.

ಎದುರಿಗೆ ನಿಂತು ಬೈಯುವವರು ಈಗ ಯಾರೂ ಇರಲಿಲ್ಲ. ಎಲ್ಲರೂ ಹೊಡೆಯುವವರು, ಹೊಡೆಯುವವರ ಜಾಗ ಹಿಂದೆ. ಊರಿಗೆ ಊರೇ ಮುಕ್ಕೋಡನ ಹಿಂದೆ ಸೇರಿತು. ಅಲ್ಲಿ ಕೆಂಪಿನವರು ಮೊದಲೋ ನೀಲಿಯವರು ಮೊದಲೋ ಎಂದು ಜಗಳ ಹತ್ತಿತು. ಈಟಿ ಎತ್ತಿದ ಗದಿಗೆಪ್ಪನಿಗೆ ಮುಕ್ಕೋಡನಿಗಿಂತ ಹತ್ತಿರದಲ್ಲಿ ಒಂದು ನೀಲಿ ಬೆನ್ನು ಕಂಡಿತು. ಅಂಕ ಎರಡಕ್ಕೂ ಒಂದೇ. ಅವರು ಹೀಗೆ ತಮ್ಮತಮ್ಮಲ್ಲೇ ತೊಡಗಿದ್ದಾಗ, ಮುಕ್ಕೋಡ ಸಾವಕಾಶವಾಗಿ ಹಿಂತಿರುಗಿ ಅವರ ನಡುವೆ ನಡೆಯಿತು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನಡೆಯಿತು.

ಹೊಳೆವ್ವ ದೊಣ್ಣೆ ಬಿಸಾಕಿ ಬಿದ್ದವರನ್ನು ಎಳೆಯುತ್ತಿದ್ದಳು. ಎಳೆದು ಎಲ್ಲಿಗೆ ಒಯ್ಯಬೇಕು, ಏನು ಹಚ್ಚಬೇಕು ಎಂಬುದು ಅವಳಿಗೆ ತಿಳಿಯಲಿಲ್ಲ. ಸಾತವ್ವ ಅವಳ ಕೈಯಲ್ಲೇ ತೀರಿಕೊಂಡಳು.

ಕರಿಹಲಗೆಯ ಲೆಕ್ಕಿಗರು ಪ್ರಾಮಾಣಿಕರು. ಯಾರು ಹೊಡೆದರೂ ಬರೆಯಿರಿ ಎಂದು ಅಪ್ಪಣೆಯಾಗಿತ್ತು, ಬರೆದರು. ಧೂಳು ಇಳಿದಾಗ ಹಲಗೆಯ ತುದಿಯಲ್ಲಿ ಒಂದೇ ಹೆಸರಿತ್ತು: ಮುಕ್ಕೋಡ.

ಆಸ್ಥಾನದಲ್ಲಿ ಲೆಕ್ಕಿಗನೊಬ್ಬ, "ತಂಡದ ಅಂಕಣದಲ್ಲಿ ಏನೆಂದು ಬರೆಯಲಿ? ಕೆಂಪೋ, ನೀಲಿಯೋ?" ಎಂದು ಕೇಳಿದ.

"ಸ್ವತಂತ್ರ ಎಂದು ಬರೆ," ಎಂದರು ಮಂತ್ರಿ ನೂತನಕೀರ್ತಿ. ಅವನು ಬರೆಯುತ್ತಿದ್ದಂತೆ ಮಂತ್ರಿಗಳ ಮುಖ ಅರಳಿತು. "ಪ್ರಭೋ, ನಮ್ಮ ಪದ್ಧತಿ ಎಷ್ಟು ಪಾರದರ್ಶಕ ನೋಡಿ! ಸೋತವರೂ ದೂರುವಂತಿಲ್ಲ. ಮುಕ್ಕೋಡರು ಯಾರನ್ನೂ ಬಣ್ಣ ನೋಡಿ ತುಳಿದಿಲ್ಲ."

"ಕೊನೆಗೂ ಒಬ್ಬರು ನಿಷ್ಪಕ್ಷಪಾತಿಗಳು!" ಎಂದು ಮಹಾರಾಜರು ಗದ್ಗದಿತರಾದರು.

ಅದೇ ಮಧ್ಯಾಹ್ನ ಅಖಾಡದಲ್ಲಿ ಪಟ್ಟಾಭಿಷೇಕ. ಸಂತೆಯ ಬದನೆಕಾಯಿಯನ್ನೆಲ್ಲ ಗುಡ್ಡೆ ಹಾಕಿ, ಮುಕ್ಕೋಡ ಅದರಲ್ಲಿ ಮುಖ ಹುದುಗಿಸಿದ ಹೊತ್ತು ನೋಡಿ, ಗಳದ ತುದಿಗೆ ಸಿಕ್ಕಿಸಿದ ಕಿರೀಟವನ್ನು ಅದರ ನಡುಗೋಡಿಗೆ ತೊಡಿಸಿದರು. ಮಂತ್ರಿಗಳು ಆಜ್ಞಾಪತ್ರ ಓದಿದರು. ಚಾಂಪಿಯನ್ ಮುಕ್ಕೋಡರಿಗೆ ಪ್ರತಿ ಸಂತೆಯ ಕಾಯಿಪಲ್ಲೆ ಪೂರ್ತಿ ಮೀಸಲು. ಅಲ್ಲದೆ ಅವರ ಕೌಶಲ ಕುಂದದಂತೆ ವಾರಕ್ಕೊಂದು ಓಣಿಯವರು ಅವರೊಡನೆ ಪಂದ್ಯವಾಡತಕ್ಕದ್ದು; ಮೊದಲ ವಾರ ಉತ್ತರದ ಓಣಿ. ಅದು ಹೊಳೆವ್ವನ ಓಣಿ. ಜನ ಚಪ್ಪಾಳೆ ತಟ್ಟಿದರು. ತಟ್ಟದವನನ್ನು ಕೆಂಪಿನವರು ನೀಲಿಯೆಂದೂ ನೀಲಿಯವರು ಕೆಂಪೆಂದೂ ತಿಳಿಯುವ ಸಂಭವವಿತ್ತು.

ಚಾಂಪಿಯನ್ ಮಾತ್ರ ಹೂಂಕರಿಸುತ್ತ ಮುಂಗಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. ಹತ್ತಿರ ಹೋದ ಇಬ್ಬರು ಆಳುಗಳು ದೂರ ಹೋಗಿ ಬಿದ್ದರು.

"ಅವರ ಪಾದಕ್ಕೆ ಏನಾಗಿದೆ?" ಎಂದರು ಮಹಾರಾಜರು.

"ಕೋಟೆಬಾಗಿಲಿನ ಕಟ್ಟಿಗೆಯ ಚೂರು ನೆಟ್ಟಿದೆ ಪ್ರಭೋ. ಆ ಬಾಗಿಲು ಕೊನೆಗೂ ಒಬ್ಬರನ್ನು ತಡೆದಿದೆ."

ಭಾವಮೈದುನರು ಎದ್ದು ಸಭೆಗೆ ಕೈಮುಗಿದರು. ಮತ್ತೊಮ್ಮೆ ಚಪ್ಪಾಳೆಯಾಯಿತು.

"ಮದ್ದಿನವರನ್ನು ಕರೆಸಿ!"

ಮದ್ದಿನವರು ಇಲ್ಲವೆಂದು ಆಜ್ಞೆಯಾಗಿದ್ದುದರಿಂದ, ಇದ್ದಾರೆಂದು ಅಲ್ಲಿಯೇ ಇನ್ನೊಂದು ಆಜ್ಞೆಯಾಯಿತು. ಉಗ್ರಾಣದಿಂದ ಹೊಳೆವ್ವನ ಬುಟ್ಟಿ ಬಂತು, ಬೆಳ್ಳಿಯ ತಟ್ಟೆಯ ಮೇಲೆ, ಜರಿಯ ವಸ್ತ್ರ ಹೊದ್ದುಕೊಂಡು. ಮಂತ್ರಿಗಳೇ ಅದನ್ನು ಅವಳ ಕೈಗೆ ಕೊಟ್ಟರು.

"ರಾಜ್ಯ ನಿಮ್ಮ ಪಾತ್ರವನ್ನು ಎಂದೂ ಮರೆತಿಲ್ಲ ತಾಯಿ. ಇಂದಿನಿಂದ ನೀವು ಚಾಂಪಿಯನ್ನರ ಅಧಿಕೃತ ಹೀಲರ್. ಮೊದಲು ಅವರ ಪಾದಕ್ಕೆ ಹಚ್ಚಿ. ಉಳಿದರೆ ಯಾರಿಗೆ ಬೇಕಾದರೂ ಹಚ್ಚಿಕೊಳ್ಳಿ, ನಾವೇನೂ ಕೇಳುವುದಿಲ್ಲ."

ಹೊಳೆವ್ವ ಗಡಿಗೆಯ ಮುಚ್ಚಳ ತೆಗೆದು ನೋಡಿದಳು. ಎಣ್ಣೆ ಇತ್ತು. ಮುಕ್ಕೋಡನ ಪಾದವನ್ನೂ ನೋಡಿದಳು. ಒರಳುಕಲ್ಲಿನಷ್ಟಿತ್ತು. ಉಳಿಯುವ ಮಾತಿರಲಿಲ್ಲ.

ಅಖಾಡದ ಅಂಚಿನಲ್ಲಿ, ಬಿದ್ದವರನ್ನು ಸಾಲಾಗಿ ಮಲಗಿಸಿದ್ದ ಕಡೆ, ಯಮನಪ್ಪ ಕಂಬಕ್ಕೊರಗಿ ಕುಳಿತಿದ್ದ. ಜ್ವರದಿಂದ ಅವನ ಕಣ್ಣುಗಳು ಕೆಂಪಾಗಿದ್ದವು. ಹೊಳೆವ್ವ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಟಳು. ಮುಕ್ಕೋಡನ ಮುಂದೆ ಹಾದಳು, ನಿಲ್ಲಲಿಲ್ಲ. ಯಮನಪ್ಪನ ಎದುರಿಗೆ ಹೋಗಿ ನೆಲದ ಮೇಲೆ ಕುಳಿತಳು.

"ಅಲ್ಲಲ್ಲ ತಾಯಿ, ಇಲ್ಲಿ," ಎಂದರು ಮಂತ್ರಿಗಳು. "ಅವನು ನೀಲಿ. ನೀವು ಕೆಂಪು."

"ಇಂವ ಯಮನಪ್ಪ," ಎಂದಳು ಹೊಳೆವ್ವ. "ಕೈ ಚಾಚೋ."

"ಬುಟ್ಟಿ ಅರಮನೆಯದು!"

"ನಮ್ಮವ್ವಂದು."

ಎಣ್ಣೆಯ ವಾಸನೆಗೋ, ಕಾಲಿನ ನೋವಿಗೋ, ಮುಕ್ಕೋಡ ತಲೆ ಎತ್ತಿ ಅವಳ ಬೆನ್ನಿನ ಕಡೆ ತಿರುಗಿತು. ಕಿರೀಟ ಓರೆಯಾಯಿತು. ಜನ ಹಿಂದೆ ಸರಿದರು. ಯಮನಪ್ಪ ಅವಳ ಹೆಗಲ ಮೇಲಿಂದ ಅದನ್ನು ನೋಡಿ, ಒಣಗಿದ ಗಂಟಲನ್ನು ಸರಿಮಾಡಿಕೊಂಡ.

"ಏ ಟೊಪಗಿ ಸರದಾರಾ! ಇತ್ತಾಗ ನೋಡು! ಬದನೀಕಾಯಿ ಕದಿಯೋ ಮಾರಿಗೆ ಬಂಗಾರದ ಟೊಪಗಿ ಬೇರೆ! ಹಾಕಿದಾವ ಹೆಡ್ಡನೋ, ಹಾಕಿಸ್ಕೊಂಡಾವ ಹೆಡ್ಡನೋ!"

ಮುಕ್ಕೋಡ ಮೂಗರಳಿಸಿ ಯಮನಪ್ಪನನ್ನೇ ದಿಟ್ಟಿಸಿತು. ಅದಕ್ಕೆ ಈಗ ಬೇರೆ ಯಾರೂ ಕಾಣುತ್ತಿರಲಿಲ್ಲ. ಯಾರೂ ಹೇಳದೆ, ಯಾವ ಅಪ್‌ಡೇಟೂ ಬಾರದೆ, ಗದಿಗೆಪ್ಪ ಕೆಂಪು ರುಮಾಲನ್ನು ಕಿತ್ತೊಗೆದು ಈಟಿ ಹಿಡಿದು ಅದರ ಬೆನ್ನ ಹಿಂದೆ ಬಂದು ನಿಂತಿದ್ದ.

"ಚಾಂಪಿಯನ್ನರನ್ನು ನಿಂದಿಸುವುದು ರಾಜದ್ರೋಹ!" ಎಂದು ಮಂತ್ರಿಗಳು ಕಿರುಚಿದರು. "ಅವನ ಬಾಯಿ ಮುಚ್ಚಿಸಮ್ಮ!"

ಹೊಳೆವ್ವ ಗಾಯ ತೊಳೆಯುತ್ತಿದ್ದಳು.

ಮಹಾರಾಜರು ಸಿಂಹಾಸನದಿಂದ ಎದ್ದರು. "ಹೊಳೆವ್ವ, ಕೊನೆಯ ಬಾರಿ ಹೇಳುತ್ತಿದ್ದೇವೆ. ಚಾಂಪಿಯನ್ನರ ಪಾದಕ್ಕೆ ಮದ್ದು ಹಚ್ಚು."

"ನಾ ಒಲ್ರಿ," ಎಂದಳು ಹೊಳೆವ್ವ, ತಲೆ ಎತ್ತದೆ. ಗಡಿಗೆಯನ್ನು ಯಮನಪ್ಪನ ಕೈಯ ಮೇಲೆ ಬಗ್ಗಿಸಿದಳು.